ಸುಂಕದವನ ಮುಂದೆ ಸುಖದುಃಖ

ನಮ್ಮ ಹಳ್ಳಿಗೆ ಕಾರು ತಗೊಂಡು ಹೋದರೆ ಮೊದಲು ಬರುವ ಪ್ರಶ್ನೆ, "ಸ್ವಂತದ್ದೇನೋ?" ಅಂತ. ನಂಬರ್ ಪ್ಲೇಟು ಗಮನಿಸಿದವರು ಅದನ್ನೂ ಕೇಳುವುದಿಲ್ಲ. ಕಪ್ಪು ಫಲಕ, ಹಳದಿ ಅಕ್ಷರ. "ಬಾಡಿಗೀದು" ಎಂದು ತಾವೇ ತೀರ್ಮಾನ ಮಾಡಿ ಚಹಾಕ್ಕೆ ಕರೆಯುತ್ತಾರೆ.

ಇಪ್ಪತ್ತೆರಡು ವರ್ಷದಿಂದ ಪುಣೆಯಲ್ಲಿದ್ದೇನೆ. ಮನೆ ಬಾಡಿಗೆಯದು, ಹನ್ನೊಂದು ತಿಂಗಳ ಕರಾರು. ಕರೆಂಟ್ ಬಿಲ್ಲು ಬರುವುದು ಮಾಲೀಕನ ಹೆಸರಿಗೆ, ಕಟ್ಟುವವನು ನಾನು. ಸೊಸೈಟಿಯ ಪಾರ್ಕಿಂಗ್ ಜಾಗವನ್ನು ಮಾಲೀಕ ಬೇರೆಯವರಿಗೆ ಕೊಟ್ಟಿದ್ದಾನೆ. ಹೀಗಾಗಿ ಕಾರು ತೆಗೆದುಕೊಂಡಿಲ್ಲ. ವರ್ಷಕ್ಕೆ ಎರಡು ಮೂರು ಸಲ ಊರಿಗೆ ಹೋಗಬೇಕಾದಾಗ ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರು. ಹೊರನಾಡಿನಲ್ಲಿ ಇರುವವರ ಬದುಕೇ ಅರ್ಧ ಬಾಡಿಗೆಯದು. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ನನ್ನ ತಕರಾರು ಬೇರೆ. ಬಾಡಿಗೆ ಕಾರಿನಲ್ಲಿ ಕೂತು ಟೋಲ್ ನಾಕಾ ದಾಟುವವನ ಹಣ ಬೇಕು, ದಂಡ ಬೇಕು, ಆದರೆ ಅವನಿಗೊಂದು ಲೆಕ್ಕ ಕೊಡುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಇದು ತಪ್ಪು ಮಾತ್ರವಲ್ಲ, ಸುಲಭವಾಗಿ ಸರಿಪಡಿಸಬಹುದಾದ ತಪ್ಪು. ಸರಿಪಡಿಸದೆ ಇರುವುದು ಅದಕ್ಕಿಂತ ದೊಡ್ಡ ತಪ್ಪು.

ಪುಣೆಯಿಂದ ಕಿತ್ತೂರಿನ ಹತ್ತಿರದ ನಮ್ಮ ಹಳ್ಳಿಗೆ 400 ಕಿಲೋಮೀಟರಿಗೆ ತುಸು ಕಡಿಮೆ. ರಾಷ್ಟ್ರೀಯ ಹೆದ್ದಾರಿ 48. ದಾರಿಯಲ್ಲಿ ಏಳು ಟೋಲ್ ನಾಕಾ. ಮಹಾರಾಷ್ಟ್ರದಲ್ಲಿ ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ. ಗಡಿ ದಾಟಿದ ಮೇಲೆ ಕೊಗನೊಳ್ಳಿ, ಹತ್ತರಗಿ, ಹಿರೇಬಾಗೇವಾಡಿ. ನಮ್ಮ ಮಕ್ಕಳು ಈ ಹೆಸರುಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಕೊಗನೊಳ್ಳಿ ಬಂತೆಂದರೆ ಕನ್ನಡದ ಬೋರ್ಡು ಕಾಣುತ್ತದೆ ಅಂತ ಅವರಿಗೆ ಗೊತ್ತು.

2024ರ ನವೆಂಬರಿನಲ್ಲಿ, ದೀಪಾವಳಿ ಮುಗಿದ ವಾರ, ಅವ್ವನನ್ನು ಕರೆತರಲು ಊರಿಗೆ ಹೋದೆ. ಮೊಣಕಾಲಿನ ಆಪರೇಷನ್ನು ಪುಣೆಯಲ್ಲಿ ಮಾಡಿಸಬೇಕಿತ್ತು. ಆಕೆಗೆ ರೈಲಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಕಾಲು ಚಾಚಿ ಕೂರಲು ಹಿಂದಿನ ಸೀಟು ಪೂರ್ತಿ ಬೇಕಿತ್ತು. ಹೋಗುವಾಗ ಏಳೂ ನಾಕಾಗಳಲ್ಲಿ ಕಂಬ ಮೇಲೆದ್ದಿತು, ದಾಟಿದೆವು. ಬರುವಾಗಲೂ ಕರ್ನಾಟಕದ ಮೂರು ದಾಟಿದ್ದಾಯಿತು. ಆಮೇಲಿನ ನಾಲ್ಕರಲ್ಲಿ ಒಂದರಲ್ಲಿ ಕಂಬ ಏಳಲಿಲ್ಲ. ಯಾವುದು ಎನ್ನುವುದು ಬೇಡ. ಎಲ್ಲಿ ಬೇಕಾದರೂ ಆಗಬಹುದಾಗಿತ್ತು.

"ಸಾಹೇಬ, ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಹೇ. ಡಬಲ್ ಲಾಗೇಲ್" ಎಂದ ಬೂತಿನ ಹುಡುಗ.

ಬ್ಲ್ಯಾಕ್‌ಲಿಸ್ಟ್ ಎಂದರೆ ನಾವೇನೋ ಕಳ್ಳತನ ಮಾಡಿದ್ದೇವೆ ಅಂದುಕೊಳ್ಳಬೇಡಿ. ಟ್ಯಾಗ್‌ನ ಖಾತೆಯಲ್ಲಿ ಹಣ ತೀರಿದರೂ ಅದೇ ಮಾತು, ಕೆವೈಸಿ ಕಾಗದ ಬಾಕಿ ಇದ್ದರೂ ಅದೇ ಮಾತು. ಬಾಡಿಗೆ ಸಂಸ್ಥೆಗೆ ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಬ್ಬ ಹೆಣ್ಣುಮಗಳು ಧ್ವನಿಮುದ್ರಿಕೆಯಲ್ಲಿ ಹೇಳುತ್ತಲೇ ಇದ್ದಳು. ಹಿಂದೆ ಲಾರಿಗಳ ಹಾರ್ನು. ಎರಡು ಪಟ್ಟು ಕೊಟ್ಟು ದಾಟಿದೆ. ಮುಂದೆ ಕಾರು ಪಕ್ಕಕ್ಕೆ ನಿಲ್ಲಿಸಿ ಫೋನಿನಲ್ಲಿ ಗಾಡಿ ನಂಬರ್ ಹಾಕಿ, ಬ್ಯಾಂಕು ಯಾವುದೆಂದು ಗಾಜಿನ ಮೇಲಿನ ಸ್ಟಿಕ್ಕರ್ ನೋಡಿ ತಿಳಿದುಕೊಂಡು, ನನ್ನದೇ ಖಾತೆಯಿಂದ 500 ರೂಪಾಯಿ ರೀಚಾರ್ಜ್ ಮಾಡಿದೆ. ಪರದೆಯ ಮೇಲೆ ಸಂಸ್ಥೆಯ ಹೆಸರು ಬಂತು, "ಯಶಸ್ವಿ" ಎಂತಲೂ ಬಂತು. ಆದರೆ ಮುಂದಿನ ನಾಕಾದ ಯಂತ್ರಕ್ಕೆ ಆ ಯಶಸ್ಸಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅಲ್ಲಿಯೂ ಎರಡು ಪಟ್ಟು.

ಹಿಂದಿನ ಸೀಟಿನಲ್ಲಿದ್ದ ಅವ್ವ ಕೇಳಿದಳು: "ಅಲ್ಲೋ ತಮ್ಮಾ, ರೊಕ್ಕ ಇಡದವರು ಅವರು. ದಂಡ ನೀ ಯಾಕ ಕಟ್ಟಿದಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಯಾರ ಹತ್ತಿರವೂ ಇಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕಾರು ಒಪ್ಪಿಸಿದ ಐದಾರು ದಿನದ ಮೇಲೆ ನನ್ನ ಠೇವಣಿ ಹಣ ವಾಪಸು ಬಂತು, ಆದರೆ ಕಡಿಮೆ ಬಂತು. "ಟೋಲ್ ಮತ್ತು ನಿರ್ವಹಣಾ ಶುಲ್ಕ" ಎಂದು ಒಂದೇ ಸಾಲು, ಒಂದೇ ಮೊತ್ತ. ಯಾವ ನಾಕಾ, ಎಷ್ಟು ಗಂಟೆಗೆ, ಎಷ್ಟು ರೂಪಾಯಿ, ಏನೂ ಇಲ್ಲ. ನಾನು ಹಾಕಿದ 500 ಅವರ ಟ್ಯಾಗ್‌ನಲ್ಲೇ ಉಳಿಯಿತು. ಕೇಳಿದ್ದಕ್ಕೆ, "ಕರಾರು ಓದಿಕೊಳ್ಳಿ ಸರ್" ಎಂದರು. ಬ್ಯಾಂಕಿಗೆ ಕೇಳಿದರೆ, "ಟ್ಯಾಗ್ ನಿಮ್ಮ ಹೆಸರಿನಲ್ಲಿ ಇಲ್ಲವಲ್ಲ, ದೂರು ಅವರೇ ಕೊಡಬೇಕು" ಎಂದರು. ಹಣ ಕೊಡುವಾಗ ಯಾರೂ ನನ್ನ ಹೆಸರು ಕೇಳಿರಲಿಲ್ಲ. ಲೆಕ್ಕ ಕೇಳಿದಾಗ ಮಾತ್ರ ಹೆಸರು ಬೇಕಾಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮ ಹಿರಿಯರು ಗಾದೆ ಮಾಡಿದರು. ಆ ಸುಂಕದವನು ಕಡೇಪಕ್ಷ ಮನುಷ್ಯ. ಕೇಳದಿದ್ದರೂ ಅವನಿಗೆ ಕಿವಿಯಾದರೂ ಇತ್ತು. ಈಗಿನ ಸುಂಕದವನು ಚಾವಣಿಗೆ ಕಟ್ಟಿದ ಒಂದು ಪೆಟ್ಟಿಗೆ. ಅದು ಗಾಜಿನ ಮೇಲಿನ ಸ್ಟಿಕ್ಕರನ್ನು ರೇಡಿಯೋ ಅಲೆಯಿಂದ ಓದುತ್ತದೆ. ಆ ಸಂಖ್ಯೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುತ್ತದೆ, ನಡುವೆ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನ ವ್ಯವಸ್ಥೆ ಕೂತಿದೆ. ಟ್ಯಾಗ್ ಕೊಟ್ಟ ಬ್ಯಾಂಕು ಹಣ ಮುರಿದುಕೊಂಡು, ನೋಂದಾಯಿಸಿದ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಸ್ವಂತ ಕಾರಿನವನಿಗೆ ಇದು ಚೊಕ್ಕ ವ್ಯವಸ್ಥೆ. ಗಾಡಿ ಅವನದು, ಖಾತೆ ಅವನದು, ಮೊಬೈಲ್ ಅವನದು. ಬಾಡಿಗೆ ಕಾರಿನಲ್ಲಿ ಮಾತ್ರ ಸಂದೇಶ ಯಾವುದೋ ಆಫೀಸಿನ ಮೊಬೈಲಿಗೆ ಹೋಗುತ್ತದೆ. ಬಾಕಿ ಎಷ್ಟಿದೆ ಎಂದು ಅವರಿಗೆ ಗೊತ್ತು. ಸ್ಟೇರಿಂಗ್ ಹಿಡಿದವನಿಗೆ ಗೊತ್ತಿಲ್ಲ. ಕಂಬ ಏಳದಿದ್ದಾಗ ಬೈಸಿಕೊಳ್ಳುವವನು ಮಾತ್ರ ಸ್ಟೇರಿಂಗ್ ಹಿಡಿದವನೇ.

ನಾನು ಫಾಸ್ಟ್ಯಾಗ್‌ನ ವಿರೋಧಿ ಅಲ್ಲ. ಚಿಲ್ಲರೆ ಇಲ್ಲ ಎಂದು ಚಾಕಲೇಟು ಕೊಡುತ್ತಿದ್ದ ಕಾಲವನ್ನು, ಹಬ್ಬದ ಮುಂಚಿನ ರಾತ್ರಿ ನಾಕಾದಲ್ಲಿ ತಾಸುಗಟ್ಟಲೆ ನಿಂತದ್ದನ್ನು ನಾನೂ ಕಂಡಿದ್ದೇನೆ. 2021ರ ಫೆಬ್ರುವರಿ 15ರ ನಡುರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಎಲ್ಲ ಲೇನುಗಳನ್ನೂ ಫಾಸ್ಟ್ಯಾಗ್ ಲೇನು ಮಾಡಿದರು. ಟ್ಯಾಗ್ ಇಲ್ಲದಿದ್ದರೆ, ಇದ್ದೂ ನಡೆಯದಿದ್ದರೆ, ಎರಡು ಪಟ್ಟು ಎಂದರು. ಜನ ಟ್ಯಾಗ್ ಹಾಕಿಸಿಕೊಳ್ಳಲಿ ಅಂತ ಇಟ್ಟ ದಂಡ ಅದು, ಒಪ್ಪೋಣ. ಆದರೆ ದಂಡಕ್ಕೆ ಅರ್ಥ ಬರುವುದು, ತಪ್ಪು ಮಾಡಿದವನ ಮೇಲೆ ಅದು ಬಿದ್ದಾಗ.

ಇದೇ ಸರ್ಕಾರದ ನಿಯಮದಲ್ಲೇ ಈ ನ್ಯಾಯ ಇದೆ ನೋಡಿ. 2018ರ ತಿದ್ದುಪಡಿಯ ಪ್ರಕಾರ, ನಿಮ್ಮ ಟ್ಯಾಗ್ ಸರಿಯಿದ್ದು, ಅದರಲ್ಲಿ ಸಾಕಷ್ಟು ಹಣವಿದ್ದು, ನಾಕಾದ ಯಂತ್ರ ಕೆಟ್ಟಿದ್ದರೆ ನಿಮ್ಮನ್ನು ಪುಕ್ಕಟೆ ಬಿಡಬೇಕು, ಶೂನ್ಯ ಮೊತ್ತದ ರಸೀದಿ ಕೊಡಬೇಕು. ಅಂದರೆ ಯಂತ್ರದ ತಪ್ಪಿಗೆ ನಾಕಾದವರು ನಷ್ಟ ಅನುಭವಿಸಬೇಕು, ಟ್ಯಾಗ್‌ನ ತಪ್ಪಿಗೆ ಟ್ಯಾಗ್‌ನವನು ದಂಡ ಕಟ್ಟಬೇಕು. ಸರಿಯಾದ ಮಾತು. ಬಾಡಿಗೆ ಕಾರಿನಲ್ಲಿ ಟ್ಯಾಗ್‌ನವನು ಯಾರು? ಸಂಸ್ಥೆ. ದಂಡ ಕಟ್ಟಿದವನು ಯಾರು? ಅವ್ವನನ್ನು ಕೂರಿಸಿಕೊಂಡು ಹೋಗುತ್ತಿದ್ದ ನಾನು. ಮೂರನೆಯವನೊಬ್ಬ ಇರುತ್ತಾನೆ ಎಂಬುದನ್ನು ನಿಯಮ ಬರೆದವರು ಯೋಚಿಸಲೇ ಇಲ್ಲ.

2025ರ ನವೆಂಬರ್ 15ರಿಂದ ಒಂದು ರಿಯಾಯಿತಿ ಬಂತು. ಟ್ಯಾಗ್ ನಡೆಯದಿದ್ದರೆ ನಗದಿಗೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು. ನೂರು ರೂಪಾಯಿಯ ಜಾಗದಲ್ಲಿ ನೂರಿಪ್ಪತ್ತೈದು. ಹೊಡೆತ ಕಡಿಮೆಯಾಯಿತು, ನಿಜ. ಆದರೆ ಅವ್ವ ಕೇಳಿದ್ದು ದಂಡ ಎಷ್ಟು ಅಂತ ಅಲ್ಲ, ಯಾಕೆ ಅಂತ.

ಇನ್ನೊಂದು ಸಂಗತಿ. 2025ರ ಆಗಸ್ಟ್ 15ರಿಂದ ವಾರ್ಷಿಕ ಪಾಸ್ ಶುರುವಾಯಿತು. ಶುರುವಾದಾಗ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಸಲ ದಾಟುವ ಅವಕಾಶ, ಯಾವುದು ಮೊದಲೋ ಅದು. ಲೆಕ್ಕ ಹಾಕಿದರೆ ಒಂದು ಸಲಕ್ಕೆ ಹದಿನೈದೇ ರೂಪಾಯಿ ಬಿತ್ತು. ಪತ್ರಿಕೆ ಓದಿ ನಮ್ಮ ಭಾವ ಊರಿಂದ ಫೋನ್ ಮಾಡಿ, "ಇನ್ನ ನಿಮಗ ಆರಾಮ ಆತಲ್ರೀ" ಎಂದರು. ಇಲ್ಲ ಭಾವಾ, ಅದು ಖಾಸಗಿ ಕಾರಿಗೆ ಮಾತ್ರ. ಬಾಡಿಗೆ ಕಾರು ವಾಣಿಜ್ಯ ನೋಂದಣಿಯದು, ಅದಕ್ಕಿಲ್ಲ. ಕಾರು ಕೊಳ್ಳುವ ಶಕ್ತಿ ಇದ್ದವನು ಕಡಿಮೆ ಕೊಡುತ್ತಾನೆ. ಎರಡು ದಿನಕ್ಕೆ ಬಾಡಿಗೆ ಹಿಡಿದವನು ಪೂರ್ತಿ ಕೊಟ್ಟು, ಮೇಲೆ "ನಿರ್ವಹಣಾ ಶುಲ್ಕ" ಕೊಟ್ಟು, ಗ್ರಹಚಾರ ಕೆಟ್ಟರೆ ದಂಡವನ್ನೂ ಕೊಡುತ್ತಾನೆ.

ಬಾಡಿಗೆ ಸಂಸ್ಥೆಯವರ ವಾದವನ್ನೂ ಹೇಳಬೇಕು. ಗಿರಾಕಿಗಳು ಟೋಲ್ ಕಟ್ಟದೆ ಕಾರು ಬಿಟ್ಟು ಹೋಗುತ್ತಾರೆ, ಅದಕ್ಕೇ ಠೇವಣಿ ಹಿಡಿಯುತ್ತೇವೆ ಎನ್ನುತ್ತಾರೆ. ಹಿಡಿಯಲಿ. ಟೋಲ್ ನಾನು ಕಟ್ಟಬೇಕಾದದ್ದೇ, ಅದರಲ್ಲಿ ಒಂದು ಪೈಸೆ ಬಿಡಿ ಎಂದು ನಾನು ಕೇಳುತ್ತಿಲ್ಲ. ಆದರೆ ಕಾರು ಕೊಡುವಾಗ ಇದೇ ಜನ ಎಷ್ಟು ಜಾಗರೂಕರು! ಬಾಗಿಲಿನ ಪ್ರತಿ ಗೀರಿನ ಫೋಟೋ, ಪೆಟ್ರೋಲ್ ಮುಳ್ಳಿನ ಫೋಟೋ, ಕಿಲೋಮೀಟರಿನ ಫೋಟೋ, ಸ್ಟೆಪ್ನಿಯ ಫೋಟೋ. ತಮಗೆ ನಷ್ಟವಾಗಬಹುದಾದ ಎಲ್ಲದರ ಫೋಟೋ ಇರುತ್ತದೆ. ನನಗೆ ನಷ್ಟವಾಗಬಹುದಾದ ಒಂದೇ ಒಂದು ವಸ್ತು, ಗಾಜಿನ ಮೇಲಿನ ಆ ಸ್ಟಿಕ್ಕರು. ಅದರ ಬಾಕಿ ಎಷ್ಟು ಎಂದು ಬರೆದುಕೊಡುವವರಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಕೀಲಿ ಕೈ ಕೊಡುವಾಗ ಪೆಟ್ರೋಲ್ ಬರೆದ ಹಾಗೆ ಟ್ಯಾಗ್ ನಡೆಯುತ್ತಿದೆಯೇ, ಬಾಕಿ ಎಷ್ಟು ಎಂದು ಬರೆದುಕೊಡಬೇಕು. ಬಾಡಿಗೆ ಇರುವಷ್ಟು ದಿನ ಟೋಲ್ ಸಂದೇಶ ಓಡಿಸುವವನ ಮೊಬೈಲಿಗೂ ಬರಬೇಕು. ಅವರಿಗೆ ಬಂದದ್ದನ್ನು ತಾನಾಗಿ ಇನ್ನೊಂದು ನಂಬರಿಗೆ ದಾಟಿಸುವುದು ಈ ಕಾಲದಲ್ಲಿ ದೊಡ್ಡ ವಿದ್ಯೆಯಲ್ಲ. ಟ್ಯಾಗ್ ಕೆಟ್ಟು ಹೆಚ್ಚಿಗೆ ಕೊಡಬೇಕಾಗಿ ಬಂದರೆ ಆ ಹೆಚ್ಚಿಗೆಯನ್ನು ಸಂಸ್ಥೆ ಭರಿಸಬೇಕು. ಠೇವಣಿಯಿಂದ ಮುರಿಯುವಾಗ ನಾಕಾದ ಹೆಸರು, ವೇಳೆ, ಮೊತ್ತದ ಲೆಕ್ಕ ಕೊಡಬೇಕು. ಗಿರಾಕಿ ಹಾಕಿದ ರೀಚಾರ್ಜ್ ಅದರಲ್ಲಿ ಕಳೆಯಬೇಕು. ಇಷ್ಟೇ.

ಇದನ್ನು ಮಾಡಿಸಲು ಹೊಸ ಕಾನೂನೇನೂ ಬೇಡ. ಕಾರು ಬಾಡಿಗೆಗೆ ಕೊಡುವ ಧಂದೆಗೆ 1989ರ ರೆಂಟ್ ಎ ಕ್ಯಾಬ್ ಯೋಜನೆ ಇದೆ. ಮಾಡಿದ್ದು ಕೇಂದ್ರ, ಲೈಸೆನ್ಸ್ ಕೊಡುವುದು ರಾಜ್ಯದ ಸಾರಿಗೆ ಅಧಿಕಾರಿಗಳು. ಅದು ಬಂದಾಗ ಫಾಸ್ಟ್ಯಾಗ್ ಎಂಬ ಶಬ್ದವೇ ಹುಟ್ಟಿರಲಿಲ್ಲ, ಹಾಗಾಗಿ ಅದರಲ್ಲಿ ಇದರ ಮಾತಿಲ್ಲ ಎಂದರೆ ಒಪ್ಪಬಹುದು. ಟ್ಯಾಗ್ ಕಡ್ಡಾಯ ಮಾಡಿದ ಮೇಲೂ ಆ ಮಾತು ಸೇರಿಸದೆ ಕೂತದ್ದನ್ನು ಹೇಗೆ ಒಪ್ಪುವುದು?

ಇಷ್ಟು ಓದಿ ನೀವು, ಊರಲ್ಲಿ ಇರುವವರು, "ಪುಣೆದವರ ಕಾರಿನ ಗೋಳು ನಮಗ್ಯಾಕ್ರೀ" ಎನ್ನಬಹುದು. ಏಳರಲ್ಲಿ ಮೂರು ನಾಕಾ ನಿಮ್ಮ ನೆಲದಲ್ಲಿವೆ. ಬೆಂಗಳೂರಲ್ಲಿ ಕಾರು ಬಾಡಿಗೆ ಹಿಡಿದು ಧರ್ಮಸ್ಥಳಕ್ಕೋ ಹಂಪಿಗೋ ಹೋಗುವ ನಿಮ್ಮ ಮಕ್ಕಳಿಗೂ ಇದೇ ಗತಿ. ಹೈದರಾಬಾದಿನಿಂದ ಕಲಬುರಗಿಗೆ, ಚೆನ್ನೈಯಿಂದ ಕೋಲಾರಕ್ಕೆ ಹಬ್ಬಕ್ಕೆ ಬರುವವರೂ ಇಂಥವೇ ಕಾರುಗಳಲ್ಲಿ ಬರುತ್ತಾರೆ. ಹೊರಗೆ ಇರುವ ನಾವು ಇಲ್ಲಿಯ ಶಾಸಕರಿಗೆ ಬರೆದರೆ ಪರರಾಜ್ಯದವರು, ಅಲ್ಲಿಯ ಶಾಸಕರಿಗೆ ಬರೆದರೆ ಅಲ್ಲಿಯ ಮತದಾರರಲ್ಲ. ನಿಮಗೆ ಆ ತೊಂದರೆ ಇಲ್ಲ. ಕೇಳುವ ಹಕ್ಕು ನಿಮ್ಮದು. ಲೈಸೆನ್ಸಿನ ಕರಾರಿನಲ್ಲಿ ಈ ನಾಲ್ಕು ಸಾಲು ಸೇರಿಸಿ ಎಂದು ಕರ್ನಾಟಕದಲ್ಲಿ ಕೇಳಿ. ಒಂದು ರಾಜ್ಯ ಮಾಡಿದರೆ, ನೆರೆಯ ರಾಜ್ಯದಲ್ಲಿ ಅದನ್ನು ತೋರಿಸಿ ಕೇಳಲು ನಮಗೂ ಬಾಯಿ ಬರುತ್ತದೆ.

ಆಪರೇಷನ್ ಆಗಿ ಅವ್ವ ಮೂರು ತಿಂಗಳ ಮೇಲೆ ಊರಿಗೆ ಹೊರಟಳು. ಮತ್ತೆ ಬಾಡಿಗೆ ಕಾರು, ಬೇರೆ ಸಂಸ್ಥೆ. ಕೀಲಿ ಕೈ ತಂದ ಹುಡುಗನಿಗೆ, "ಟ್ಯಾಗ್ ಬಾಕಿ ತೋರಿಸು, ಇಲ್ಲದಿದ್ದರೆ ಸಹಿ ಹಾಕುವುದಿಲ್ಲ" ಎಂದೆ. ಅವನು ನನ್ನನ್ನು ತಲೆಕೆಟ್ಟವನನ್ನು ನೋಡುವ ಹಾಗೆ ನೋಡಿದ. ಆಫೀಸಿಗೆ ಫೋನ್ ಮಾಡಿದ. ಎರಡೇ ನಿಮಿಷ. ಬಾಕಿ 90 ರೂಪಾಯಿ ಇತ್ತು. ಏಳು ನಾಕಾಗಳ ದಾರಿಗೆ ತೊಂಬತ್ತು ರೂಪಾಯಿ! ಅಲ್ಲೇ ನಿಂತು ಅವರಿಂದಲೇ ತುಂಬಿಸಿ, ಕರಾರಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಂಡು ಹೊರಟೆ. ಕೊಗನೊಳ್ಳಿಯಲ್ಲಿ ಕಂಬ ಎದ್ದಾಗ ಅವ್ವ ಹಿಂದಿನಿಂದ, "ಈ ಸಲ ರೊಕ್ಕ ಇಟ್ಟಾರಲ್ಲಾ" ಎಂದಳು.

ಇಟ್ಟರು, ಕೇಳಿದ್ದಕ್ಕೆ ಇಟ್ಟರು. ನಾನು ಕೇಳಿದ್ದು ಒಂದು ಕಾರಿಗೆ ಮಾತ್ರ. ಎಲ್ಲ ಕಾರುಗಳಿಗೂ ಕೇಳಬೇಕಾದವರು ನೀವು.