ಬ್ರಹ್ಮಗಿರಿಯ 256, ಮಹಾವೀರಾಚಾರ್ಯರ ಕಂಠಾಭರಣ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಹಚ್ಚಿದ ಅಶೋಕನ ಶಾಸನದಲ್ಲಿ 256 ಎಂಬ ಸಂಖ್ಯೆಯಿದೆ. ಅದು ಯಾವುದರ ಲೆಕ್ಕ ಎಂಬುದು ವಿದ್ವಾಂಸರ ಚರ್ಚೆಯ ವಿಷಯ. ನನ್ನನ್ನು ಹಿಡಿದು ನಿಲ್ಲಿಸುವುದು ಅದನ್ನು ಬರೆದ ರೀತಿ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಇನ್ನೊಂದು, ಆರಕ್ಕೆ ಮತ್ತೊಂದು. ಅಲ್ಲಿ ಸ್ಥಾನಬೆಲೆ ಇಲ್ಲ. ಸುಮಾರು ಸಾವಿರದ ನೂರು ವರ್ಷ ಕಳೆದ ಮೇಲೆ, ಇದೇ ಕನ್ನಡ ನಾಡಿನಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯನ್ನು ಹೇಳಿದರು: 12345654321. ಎರಡೂ ತುದಿಯಿಂದ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಅವರು ಕೊರಳಹಾರಕ್ಕೆ ಹೋಲಿಸಿದ್ದುಂಟು. ಈ ಹಾರವನ್ನು ನಮ್ಮ ಶಾಲೆಗಳು ಚಮತ್ಕಾರವೆಂದು ತೋರಿಸಿ ಮುಂದೆ ಹೋಗಬಾರದು, ಅದರ ಪೋಣಿಕೆಯನ್ನು ಮಕ್ಕಳ ಕೈಯಲ್ಲೇ ಬಿಚ್ಚಿಸಬೇಕು ಎಂಬುದು ನನ್ನ ವಾದ.

ಬಿಚ್ಚುವುದು ಕಷ್ಟವೇನಲ್ಲ. 111111ನ್ನು ಅದರಿಂದಲೇ ಗುಣಿಸಿದರೆ ಆರು ಸಾಲು ಒಂದುಗಳು ಬರುತ್ತವೆ, ಪ್ರತಿ ಸಾಲೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಕಂಬಸಾಲು ಕೂಡಿದರೆ ಒಂದು, ಎರಡು, ಮೂರು ಎಂದು ಆರಕ್ಕೇರಿ ಹಾಗೆಯೇ ಇಳಿಯುತ್ತದೆ. ಮಗ್ಗದ ಊರಿನ ಮಕ್ಕಳಿಗೆ ಸಾಲಿಗೊಂದು ಎಳೆ ಸರಿಯುವ ಈ ವಿನ್ಯಾಸ ಹೊಸದಾಗಿ ಕಾಣಲಾರದು. ಮಹಾವೀರಾಚಾರ್ಯರು ಇದೇ ಸಂಖ್ಯೆಯನ್ನು 27994681 ಮತ್ತು 441ರ ಗುಣಲಬ್ಧವಾಗಿ ಕೊಟ್ಟಿದ್ದಾರೆ. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಗುಣಕಗಳನ್ನು ಅವರು ಆರಿಸಿದ ಬಗೆಯಲ್ಲೇ ಈ ಹಾರದ ಗುಟ್ಟಿದೆ.

ಇಂಥ ಅಂಕಿಯಾಟ ಗಂಭೀರ ಗಣಿತವಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ರಾಮಾನುಜನ್ನರ ಪ್ರತಿಭೆಯನ್ನು ಗುರುತಿಸಿದ ಜಿ.ಎಚ್. ಹಾರ್ಡಿ 1940ರಲ್ಲಿ ಇಂಥದೇ ಮಾತು ಹೇಳಿದ್ದರು. ರೂಪ ಬರಹವನ್ನು ಅವಲಂಬಿಸಿದೆ ಎಂಬುದು ನಿಜವೇ: ಎರಡನ್ನೇ ಆಧಾರವಾಗಿಟ್ಟು ಬರೆದರೆ ಬ್ರಹ್ಮಗಿರಿಯ 256 ಒಂದರ ಮುಂದೆ ಎಂಟು ಸೊನ್ನೆಯಾಗುತ್ತದೆ. ಆದರೆ ಅದು 16ರ ವರ್ಗ ಎಂಬ ಸಂಗತಿ ಯಾವ ಬರಹದಲ್ಲೂ ಅಳಿಯದು. ಹಾರವೂ ಹಾಗೆಯೇ. ಆರಕ್ಕಿಂತ ದೊಡ್ಡದಾದ ಯಾವ ಆಧಾರದಲ್ಲಿ ಬರೆದರೂ ಆರು ಒಂದುಗಳ ವರ್ಗ ಇದೇ ರೂಪ ತಾಳುತ್ತದೆ, ಏಕೆಂದರೆ ಯಾವ ಮನೆಯಲ್ಲೂ ದಶಕ ಏರುವುದಿಲ್ಲ. ಪಠ್ಯ ಮುಗಿಸಲೇ ಸಮಯವಿಲ್ಲ ಎನ್ನುವ ಶಿಕ್ಷಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಗುಣಾಕಾರ, ವರ್ಗ, ಅಪವರ್ತನ ಎಲ್ಲವೂ ಪಠ್ಯದಲ್ಲೇ ಇವೆ, ಬೇಕಿರುವುದು ಒಂದು ಅವಧಿ. ಒಂಬತ್ತು ಒಂದುಗಳವರೆಗೂ ಹಾರ ಕೆಡದೆ ಬರುತ್ತದೆ. ಹತ್ತನೆಯ ಒಂದನ್ನು ಸೇರಿಸಿ ವರ್ಗ ಮಾಡಲು ಹೇಳಿ: 1234567900987654321. ಎಂಟು ಎಲ್ಲಿ ಹೋಯಿತು ಎಂದು ಮಕ್ಕಳೇ ಕೇಳುತ್ತಾರೆ.