ಗಾಲ್ಫ್ ಅಂಕಪಟ್ಟಿಯೂ ವರ್ತಕನ ಉದ್ದರಿಯೂ

ಗಾಲ್ಫ್ ಶ್ರೀಮಂತರ ವಿನೋದ, ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಅದರಿಂದ ಆಗಬೇಕಾದುದೇನೂ ಇಲ್ಲ ಎಂಬ ಅಭಿಪ್ರಾಯ ನಮ್ಮಲ್ಲಿ ರೂಢವಾಗಿದೆ. ಕನ್ನೊಳ್ಳಿಯಿಂದ ಬೆಂಗಳೂರಿನ ಉಪ್ಪಿನಕಾಯಿ ತಯಾರಕರಿಗೆ ನಿಂಬೆಹಣ್ಣು ಪೂರೈಸುವ ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಬಾಕಿ ವಸೂಲಿಗೆಂದು ಹೋದಾಗ ಗ್ರಾಹಕರೊಬ್ಬರು ನಗರದ ಹೊರವಲಯದ ತಮ್ಮ ಖಾಸಗಿ ಕ್ಲಬ್ಬಿಗೆ ಕರೆದೊಯ್ದು, ಅಭ್ಯಾಸದ ಅಂಗಳದಲ್ಲಿ ಎರಡು ಮೂರು ಬಾರಿ ಚೆಂಡು ಹೊಡೆಸಿ, ಒಂದು ಮಧ್ಯಾಹ್ನ ಆಟಕ್ಕೂ ಇಳಿಸಿದರು. ಅಂದು ಆಡಿದ್ದು ಮೂರೇ ಹೋಲ್‌ಗಳು. ಆ ಕ್ಲಬ್ಬಿನ ಸದಸ್ಯರು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಆ ಮೂರನ್ನೇ.

ಇಲ್ಲಿ ಹೋಲ್ ಎಂದರೆ ಚೆಂಡು ಬೀಳುವ ಕುಳಿ ಮಾತ್ರವಲ್ಲ. ಮೊದಲ ಹೊಡೆತದ ಕಟ್ಟೆಯಿಂದ ಕುಳಿಯವರೆಗಿನ ಇಡೀ ಹಾದಿ. ಒಂದೊಂದು ಹಾದಿಗೂ ಎಷ್ಟು ಗಜ ಉದ್ದ, ನುರಿತವನಿಗೆ ಎಷ್ಟು ಹೊಡೆತ ಬೇಕು, ಹದಿನೆಂಟರಲ್ಲಿ ಕಠಿಣತೆಯ ಕ್ರಮದಲ್ಲಿ ಅದು ಎಷ್ಟನೆಯದು ಎಂಬುದೆಲ್ಲ ಅಂಕಪಟ್ಟಿಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ನುರಿತವನ ಹೊಡೆತಗಳ ಸಂಖ್ಯೆಗೆ ಪಾರ್ ಎಂದೂ ಕಠಿಣತೆಯ ಕ್ರಮಾಂಕಕ್ಕೆ ಸ್ಟ್ರೋಕ್ ಇಂಡೆಕ್ಸ್ ಎಂದೂ ಹೆಸರು.

ಮೊದಲನೆಯದು ಪಾರ್ ಮೂರರ ಚಿಕ್ಕ ಹಾದಿ, ನಡುವೆ ಹೊಂಡ. ನೋಡಲು ಅತಿ ಸುಲಭ. ಕ್ಯಾಡಿಯ ಕೆಲಸದಲ್ಲಿದ್ದ ಹುಡುಗ, ನೀರಿನ ಕಡೆ ನೋಡದೆ ಹೊಡೆಯಿರಿ ಸರ್ ಎಂದ. ನಾನು ನೀರನ್ನೇ ನೋಡಿದೆ. ಚೆಂಡೂ ಅಲ್ಲಿಗೇ ಹೋಯಿತು. ಇದು ಹೊಸಬರ ಪಾಡು ಮಾತ್ರವಲ್ಲ. ಅಮೆರಿಕದ ಆಗಸ್ಟಾದ 12ನೆಯ ಹೋಲ್ 155 ಗಜದ ಇಂಥದೇ ಚಿಕ್ಕ ಹಾದಿ. 2016ರ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ ಮುಂಚೂಣಿಯಲ್ಲಿದ್ದ ಜೋರ್ಡನ್ ಸ್ಪೀತ್ ಅಲ್ಲಿ ಎರಡು ಚೆಂಡುಗಳನ್ನು ನೀರಿಗೆ ಒಪ್ಪಿಸಿ ಏಳು ಹೊಡೆತ ತೆತ್ತರು. ಪ್ರಶಸ್ತಿ ಡ್ಯಾನಿ ವಿಲೆಟ್ ಪಾಲಾಯಿತು.

ಎರಡನೆಯದು ಪಾರ್ ಐದರ ಉದ್ದನೆಯ ಹಾದಿ, ಕೆರೆಯ ಅಂಚಿನಲ್ಲಿ ಬಾಗಿದ್ದು. ನೀರಿನ ಮೇಲಿಂದ ಹೊಡೆದರೆ ಒಂದು ಹೊಡೆತ ಉಳಿತಾಯ, ದಡ ಹಿಡಿದು ಹೋದರೆ ಚೆಂಡು ಸುರಕ್ಷಿತ. ನಾನು ದಡ ಹಿಡಿದೆ, ಬೇರೆ ಗತಿಯಿರಲಿಲ್ಲ. ನನ್ನ ಗ್ರಾಹಕರು ಉಳಿತಾಯಕ್ಕೆ ಮನಸೋತು ಚೆಂಡು ಕಳೆದುಕೊಂಡರು. (ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಸೀಮೆಯವನಾದ ನನಗೆ ಅಷ್ಟು ಹಸಿರು ಕಂಡು ಹೊಟ್ಟೆ ಉರಿದದ್ದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನವಿರುವುದು ಹಿಂದೊಮ್ಮೆ ಚಲ್ಲಘಟ್ಟ ಕೆರೆಯಿದ್ದ ಜಾಗದಲ್ಲಿ.)

ಮೂರನೆಯದು ಕೊನೆಯ, ಅಂದರೆ 18ನೆಯ ಹೋಲ್. ಅಲ್ಲಿ ನಾನು ಏಳು ಹೊಡೆತ, ಅವರು ಐದು. ಆದರೂ ಆ ಹೋಲ್ ಸಮವೆಂದು ಬರೆದುಕೊಂಡರು. ನನಗೆ ಆಶ್ಚರ್ಯವಾಯಿತು. ಪ್ರತಿ ಹೋಲಿಗೆ ಎರಡು ಹೊಡೆತ ನನಗೆ ರಿಯಾಯಿತಿ ಎಂದು ಅವರು ಆರಂಭದಲ್ಲೇ ಒಪ್ಪಿದ್ದರು. ಇದೇ ಹ್ಯಾಂಡಿಕ್ಯಾಪ್. ಇಬ್ಬರ ಸಾಮರ್ಥ್ಯದ ಅಂತರ ಒಂಬತ್ತೇ ಹೊಡೆತವಾಗಿದ್ದರೆ ದುರ್ಬಲನಿಗೆ ರಿಯಾಯಿತಿ ದೊರೆಯುವುದು ಮನಬಂದ ಕಡೆಯಲ್ಲಲ್ಲ, ಅಂಕಪಟ್ಟಿಯಲ್ಲಿ ಅತಿ ಕಠಿಣವೆಂದು ನಮೂದಾದ ಒಂಬತ್ತು ಹೋಲ್‌ಗಳಲ್ಲಿ. ಈ ಏರ್ಪಾಡನ್ನು ದಾನವೆಂದು ಯಾರೂ ಭಾವಿಸುವುದಿಲ್ಲ. ಅದಿಲ್ಲದಿದ್ದರೆ ಅಸಮಾನರ ನಡುವೆ ಪಂದ್ಯವೇ ನಡೆಯದು.

ವೃತ್ತಿಪರರಿಗೆ ಈ ರಿಯಾಯಿತಿ ಇಲ್ಲ. ಅದೇ ಚಲ್ಲಘಟ್ಟದ ಮೈದಾನದಲ್ಲಿ ಆಟ ಕಲಿತ ಅದಿತಿ ಅಶೋಕ್ 2021ರ ಆಗಸ್ಟ್ 7ರಂದು ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿಗೆ ಇಳಿದಾಗ, ದೂರಕ್ಕೆ ಹೊಡೆಯುವುದರಲ್ಲಿ ಕಣದ ಅತಿ ಹಿಂದುಳಿದವರ ಸಾಲಿನಲ್ಲಿದ್ದರು. ಆಟ ನಡೆದದ್ದು ಟೋಕಿಯೊದ ಹೊರವಲಯದ ಕಸುಮಿಗಾಸೆಕಿ ಎಂಬ ಖಾಸಗಿ ಕ್ಲಬ್ಬಿನಲ್ಲಿ. ಮಹಿಳೆಯರಿಗೆ ಪೂರ್ಣ ಸದಸ್ಯತ್ವ ನೀಡಲು ಅದು 2017ರಲ್ಲಷ್ಟೇ ಒಪ್ಪಿತ್ತು. ಉದ್ದದಲ್ಲಿ ಕಳೆದುಕೊಂಡದ್ದನ್ನು ಕುಳಿಯ ಬಳಿಯ ಸೂಕ್ಷ್ಮ ಹೊಡೆತಗಳಲ್ಲಿ ಗಳಿಸುತ್ತ ಬಂದ ಅವರ ಚೆಂಡು 18ನೆಯ ಹೋಲಿನಲ್ಲಿ ಕುಳಿಯ ಪಕ್ಕದಿಂದ ಸರಿದುಹೋಯಿತು. ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂದಿತು. ಒಲಿಂಪಿಕ್ಸ್‌ಗೆ ಈ ನಿಯಮವೇ ಸರಿ. ಆದರೆ ಪೇಟೆಯನ್ನೂ ಒಲಿಂಪಿಕ್ಸ್‌ನಂತೆ ನಡೆಸಬೇಕೆಂಬ ವಾದವನ್ನು ನಾನು ಒಪ್ಪಲಾರೆ.

ನಮ್ಮ ವ್ಯವಹಾರದ ಅತಿ ಕಠಿಣವಾದ ಹೋಲ್ ಯಾವುದೆಂದು ಓದುಗರಿಗೆ ಹೇಳಬೇಕಾಗಿಲ್ಲ: ಉದ್ದರಿ ವಸೂಲಿ. ಶಾಸನವೂ ಇದನ್ನು ಗುರುತಿಸಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯಂತೆ ಸೂಕ್ಷ್ಮ ಹಾಗೂ ಸಣ್ಣ ಪೂರೈಕೆದಾರನಿಗೆ ಬರವಣಿಗೆಯ ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಕರಾರಿಲ್ಲದಿದ್ದರೆ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯಿದೆಯು, ಅವಧಿ ಮೀರಿದ ಇಂಥ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರೀದಿದಾರನು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದೆಂದು ವಿಧಿಸಿತು. ಆದರೆ ವರ್ತಕರನ್ನು ಉದ್ದಿಮೆಗಳ ಪಟ್ಟಿಗೆ ಮರಳಿ ಸೇರಿಸಿದ 2021ರ ಜುಲೈ 2ರ ಕೇಂದ್ರದ ಆದೇಶ, ಆದ್ಯತಾ ವಲಯದ ಸಾಲವೊಂದನ್ನು ಬಿಟ್ಟು ಬೇರಾವ ಪ್ರಯೋಜನವೂ ಅವರಿಗಿಲ್ಲವೆಂದು ಗೆರೆ ಎಳೆಯಿತು.

ಪರಿಣಾಮವನ್ನು ನೋಡಿ. ತೊಗರಿಯನ್ನು ಬೇಳೆ ಮಾಡಿ ಕಳುಹಿಸುವ ಗಿರಣಿಯ ಸಣ್ಣ ಮಾಲೀಕನಿಗೆ 45 ದಿನಗಳ ರಕ್ಷಣೆ ಉಂಟು. ಇಂಡಿ, ಸಿಂದಗಿಯ ನಿಂಬೆಯನ್ನು ರೈತನಿಗೆ ರೊಕ್ಕ ಎಣಿಸಿಕೊಟ್ಟು ಖರೀದಿಸಿ, ಕೊಳೆಯುವ ಮೊದಲು ಸಾಗಿಸಬೇಕಾದ ವರ್ತಕನಿಗೆ ಇಲ್ಲ. ಇಬ್ಬರ ಸರಕೂ ಹೋಗುವುದು ಒಂದೇ ಊರಿಗೆ, ಕೆಲವೊಮ್ಮೆ ಒಂದೇ ಲಾರಿಯಲ್ಲಿ. ರಿಯಾಯಿತಿಯನ್ನೇನೋ ಕೊಟ್ಟರು, ಅತಿ ಕಠಿಣವಾದ ಹೋಲನ್ನು ಬಿಟ್ಟು ಕೊಟ್ಟರು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ವರ್ತಕನು ಕೊಡಬೇಕಾದವನೂ ಹೌದು, ಬರಬೇಕಾದವನೂ ಹೌದು. ನಿಯಮ ಬಂದರೆ ಎರಡೂ ಕಡೆ ಕೊಯ್ಯುತ್ತದೆ. ನೋಂದಾಯಿತ ಸಣ್ಣವರನ್ನು ಬಿಟ್ಟು ದೊಡ್ಡ ಖರೀದಿದಾರರು ಬೇರೆಯವರತ್ತ ಸರಿಯಬಹುದೆಂಬ ಭೀತಿಯನ್ನು 2024ರಲ್ಲಿ ಉತ್ಪಾದಕರೇ ವ್ಯಕ್ತಪಡಿಸಿದ್ದರು. ಈ ಭೀತಿ ಸುಳ್ಳೆನ್ನಲಾರೆ. ಆದುದರಿಂದ ಎಲ್ಲ ವರ್ತಕರಿಗೂ ಒಮ್ಮೆಲೇ ಅಲ್ಲದಿದ್ದರೂ, ಹಣ್ಣು ತರಕಾರಿಯಂಥ ಬೇಗ ಕೆಡುವ ಸರಕನ್ನು ಕಾರ್ಖಾನೆಗಳಿಗೆ ಪೂರೈಸುವ ಸೂಕ್ಷ್ಮ ವರ್ತಕರಿಗಾದರೂ ಮೊದಲು ಇದನ್ನು ವಿಸ್ತರಿಸಬೇಕೆಂದು ನಮ್ಮ ಸಂಸ್ಥೆ ಮುಂದಿನ ಆಯವ್ಯಯಪೂರ್ವ ಮನವಿಯಲ್ಲಿ ಸೇರಿಸುವುದು ಉಚಿತ.

ಅಂದು ಚಿಕ್ಕ ಹೋಲನ್ನು ಅವರು ಗೆದ್ದರು, ಉದ್ದದ್ದನ್ನು ನಾನು, ಕೊನೆಯದು ಸಮ. ಚಹಾ ಕುಡಿಯುವಾಗ ನಾನು ಅಂಕಪಟ್ಟಿಯನ್ನು ಮುಂದಿಟ್ಟು, ನಿಮ್ಮ ಆಟದಲ್ಲಿ ಎಲ್ಲವನ್ನೂ ಮೊದಲೇ ಬರೆದಿಡುತ್ತೀರಿ, ನಮ್ಮ ಬಿಲ್ಲಿನಲ್ಲಿ ದಿನಗಳನ್ನೇಕೆ ಬರೆಯಬಾರದು ಎಂದೆ. ಸಾಹುಕಾರರೇ, ಬರೆಯಿರಿ ಎಂದು ನಕ್ಕರು. ಆ ಹಂಗಾಮಿನಿಂದ ನನ್ನ ಬಿಲ್ಲಿನ ತಳದಲ್ಲಿ ಮೂವತ್ತು ದಿನ ಎಂದು ಅಚ್ಚಾಗುತ್ತಿದೆ. ಅವರು ನಲವತ್ತಕ್ಕೆ ಕೊಡುತ್ತಾರೆ, ಮೊದಲು ತೊಂಬತ್ತಾಗುತ್ತಿತ್ತು.