ಗಾಂಧಿ ಬಜಾರಿಗೆ ಹೋಗಲೊಂದು ಬಂಡಿ

ಬಸವನಗುಡಿಯ ಗೃಹಿಣಿಯೊಬ್ಬರು ಬರೆದ ಪತ್ರ ಈ ವಾರ ನಮ್ಮ ಮೇಜಿನ ಮೇಲಿದೆ. ಅವರ ಯಜಮಾನರಿಗೆ 74 ವರ್ಷ. ಮಂಡಿನೋವಿನಿಂದಾಗಿ ಸ್ಕೂಟರನ್ನು ಬಿಟ್ಟು ಎರಡು ವರ್ಷಗಳಾದವು. ಗಾಂಧಿ ಬಜಾರಿನ ಹೂವು ತರಕಾರಿ, ದೊಡ್ಡ ಗಣಪತಿಯ ದರ್ಶನ, ಬ್ಯಾಂಕು, ವೈದ್ಯರು, ಎಲ್ಲವೂ ಮನೆಯಿಂದ ಎರಡು ಕಿಲೋಮೀಟರಿನ ಒಳಗೇ ಇವೆ. ಆದರೆ ಎತ್ತರ ತಗ್ಗಾದ ಕಾಲುದಾರಿಯಲ್ಲಿ ನಡೆಯಲಾಗದು. ಆಟೋದವರು ಅಷ್ಟು ಹತ್ತಿರಕ್ಕೆ ಬರುವುದಿಲ್ಲ ಎನ್ನುತ್ತಾರೆ. ದೂರಕ್ಕೆ ಹೋಗುವ ಕೆಲಸ ಇವರಿಗಿಲ್ಲ. ಫ್ಲಾರಿಡಾದಲ್ಲಿರುವ ಮಗ ಒಂದು ಚಿತ್ರ ಕಳುಹಿಸಿದ್ದಾನೆ. ಅಲ್ಲಿ ವೃದ್ಧ ದಂಪತಿಗಳು ಗಾಲ್ಫ್ ಕಾರ್ಟಿನಲ್ಲಿ ಕುಳಿತು ಅಂಗಡಿಗೆ ಹೋಗುತ್ತಿದ್ದಾರೆ. ಅಂಥದೇ ಹಳೆಯ ಬಂಡಿಯೊಂದು ಬೆಂಗಳೂರಿನಲ್ಲಿ ಮಾರಾಟಕ್ಕಿದೆಯಂತೆ. "ಕೊಳ್ಳಬಹುದೆ? ಯಾರನ್ನೂ ಕೇಳದೆ ನಾವಿಬ್ಬರೇ ಬಜಾರಿಗೆ ಹೋಗಿಬರಬೇಕು, ಅಷ್ಟೆ" ಎಂದು ಆ ತಾಯಿ ಕೇಳಿದ್ದಾರೆ.

ಅವರ ಆಸೆ ಅತ್ಯಂತ ನ್ಯಾಯವಾದುದು. ಅವರು ಮನಸ್ಸಿಟ್ಟಿರುವ ಬಂಡಿ ಮಾತ್ರ ನ್ಯಾಯಾಲಯದ ಮೆಟ್ಟಿಲು ಹತ್ತಿಸುವಂಥದು. ಕೊಳ್ಳಬಾರದೆಂದೇ ನಮ್ಮ ಉತ್ತರ. ಆದರೆ ಉತ್ತರ ಅಲ್ಲಿಗೇ ಮುಗಿಯಬೇಕಾಗಿಲ್ಲ.

ನಮ್ಮ ಹಳೆಯ ಬಡಾವಣೆಗಳ ಅಳತೆಯನ್ನೇ ನೋಡಿ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರ ಪ್ಲೇಗಿನ ಹಾವಳಿಯಲ್ಲಿ ಜನ ಪೇಟೆಯ ಇಕ್ಕಟ್ಟಿನಿಂದ ಹೊರಬರಬೇಕಾದಾಗ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ಮೋಟಾರನ್ನು ಕಣ್ಣಿನಲ್ಲಿ ಕಾಣದ ಕಾಲವದು. ನೇರವಾದ ಬೀದಿ, ಅಡ್ಡರಸ್ತೆ, ನಡುವೆ ಒಂದು ಉದ್ಯಾನ, ನಡೆದುಹೋಗುವಷ್ಟು ದೂರದಲ್ಲಿ ಒಂದು ಮಾರುಕಟ್ಟೆ, ನಡೆಯಲಾಗದವರಿಗೆ ಜಟಕಾ. ಆ ಜಟಕಾ ಹೋದ ಮೇಲೆ ಅದರ ಸ್ಥಾನ ಖಾಲಿಯಾಗಿಯೇ ಉಳಿದಿದೆ. ಉದ್ದನೆಯ ಕಾರು ಗಾಂಧಿ ಬಜಾರಿನಲ್ಲಿಯಾಗಲಿ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯಾಗಲಿ ನಿಲ್ಲಲು ಜಾಗವಿಲ್ಲದೆ ಸುತ್ತುತ್ತಿರುತ್ತದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಅದನ್ನು ಹೊರತೆಗೆಯುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ. ನಿಧಾನವಾಗಿ ಹೋಗುವ, ಇಬ್ಬರು ಕುಳಿತುಕೊಳ್ಳುವ ಸಣ್ಣ ಬಂಡಿಯೇ ಈ ಬೀದಿಗಳಿಗೆ ಒಪ್ಪುವಂಥದು. ಫ್ಲಾರಿಡಾದ ಮಗನಿಗೆ ಇಷ್ಟರ ಮಟ್ಟಿಗೆ ಸರಿಯಾಗಿಯೇ ತೋರಿದೆ.

ಆದರೆ ಅಲ್ಲಿಯ ಏರ್ಪಾಡು ಬೇರೆ. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಪೀಚ್‌ಟ್ರೀ ಸಿಟಿ ಎಂಬ ಊರಿನಲ್ಲಿ ಈ ಬಂಡಿಗಳಿಗೆಂದೇ 90 ಮೈಲಿಗಳಿಗೂ ಮಿಕ್ಕಿದ ಪ್ರತ್ಯೇಕ ದಾರಿಗಳಿವೆ. ಗಂಟೆಗೆ 20ರಿಂದ 25 ಮೈಲಿ ವೇಗದ ಸಣ್ಣ ವಾಹನಗಳಿಗೆ ದೀಪ, ಕನ್ನಡಿ, ಸೀಟುಪಟ್ಟಿ ಮುಂತಾದವು ಇರಬೇಕೆಂದು ಅಲ್ಲಿಯ ಕೇಂದ್ರ ಸರ್ಕಾರ 1998ರಲ್ಲಿ ಪ್ರತ್ಯೇಕ ನಿಯಮವನ್ನೇ ಮಾಡಿತು. ನಮ್ಮಲ್ಲಿ ನಡೆಯುವುದು 1988ರ ಮೋಟಾರು ವಾಹನ ಕಾಯ್ದೆ. ಕಾರ್ಖಾನೆಯಲ್ಲಿ ಅಥವಾ ಆವರಣದೊಳಗೆ ಮಾತ್ರ ಓಡಿಸಲೆಂದು ಮಾಡಿದ ವಿಶೇಷ ಬಂಡಿಗಳು ಆ ಕಾಯ್ದೆಯ ಅರ್ಥದಲ್ಲಿ ಮೋಟಾರು ವಾಹನಗಳೇ ಅಲ್ಲ. ಲಾಲ್‌ಬಾಗಿನ ಒಳಗೆ ನಡೆಯಲಾರದವರನ್ನು ಕೂರಿಸಿಕೊಂಡು ಓಡಾಡುವ ಬ್ಯಾಟರಿ ಬಂಡಿಯನ್ನು ನೋಡಿದ್ದೀರಲ್ಲವೆ? ತೋಟದ ಗೇಟಿನೊಳಗೆ ಅದು ರಾಜ. ಗೇಟು ದಾಟಿ ಸಾರ್ವಜನಿಕ ರಸ್ತೆಗೆ ಇಳಿದ ಕ್ಷಣವೇ ಅಂಥ ಬಂಡಿಗೆ ನೋಂದಣಿ ಬೇಕು, ವಿಮೆ ಬೇಕು. ರಸ್ತೆಗೆ ಯೋಗ್ಯವೆಂದು ಸರ್ಕಾರಿ ಪರೀಕ್ಷಾಸಂಸ್ಥೆಯಿಂದ ಒಪ್ಪಿಗೆ ಪಡೆಯದ ಮಾದರಿಯನ್ನು ಆರ್‌ಟಿಓ ಕಚೇರಿ ನೋಂದಾಯಿಸುವುದಿಲ್ಲ. ನೋಂದಣಿಯಿಲ್ಲದ ಬಂಡಿಗೆ ರಸ್ತೆಯ ವಿಮೆಯೂ ದೊರೆಯದು.

"ಬ್ಯಾಟರಿಯ ಬಂಡಿಗೆ ಲೈಸೆನ್ಸೂ ಬೇಡ, ನಂಬರೂ ಬೇಡ ಸ್ವಾಮಿ" ಎಂದು ಮಾರುವವರು ಹೇಳುವುದುಂಟು. ಈ ಮಾತಿನಲ್ಲಿ ಕಾಲುಭಾಗ ಸತ್ಯವಿದೆ. ಅದಕ್ಕೇ ಅದು ಅಪಾಯಕಾರಿ. ಆ ವಿನಾಯಿತಿ ಇರುವುದು 250 ವಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರು ಮೀರದ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಮಿಗಿಂತ ಹೆಚ್ಚು ತೂಗದ ಹಗುರ ವಾಹನಗಳಿಗೆ. ಗಾಲ್ಫ್ ಕಾರ್ಟಿನ ಮೋಟಾರು ಅದರ ಹತ್ತಾರು ಪಾಲು ಬಲವುಳ್ಳದ್ದು, ತೂಕವಂತೂ ಕ್ವಿಂಟಾಲುಗಳಲ್ಲಿ. ಮುಂದೆ ಯಾವುದೋ ಹುಡುಗನ ಸೈಕಲಿಗೆ ಬಂಡಿ ತಗಲಿತೆಂದುಕೊಳ್ಳಿ. ವಿಮೆಯಿಲ್ಲದ ಬಂಡಿಯ ಮಾಲೀಕರು ಪರಿಹಾರವನ್ನು ತಮ್ಮ ಪೆನ್ಷನ್ನಿನಿಂದಲೇ ಕೊಡಬೇಕಾಗುತ್ತದೆ. ಬಾಗಿಲಿಲ್ಲದ, ಪುಟ್ಟ ಗಾಲಿಗಳ ಆ ಬಂಡಿಯನ್ನು ಹುಲ್ಲುಗಾವಲಿಗಾಗಿ ಮಾಡಿದ್ದು. ಬಿ.ಎಂ.ಟಿ.ಸಿ. ಬಸ್ಸು ಪಕ್ಕದಲ್ಲಿ ಹಾದುಹೋಗುವಾಗ ಅದರಲ್ಲಿ ಕುಳಿತಿರುವುದು ಹೇಗಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಬೇರೇನು? ನಮ್ಮ ಊರಿನಲ್ಲಿಯೇ ಇದಕ್ಕೊಂದು ಉತ್ತರ ತಯಾರಾಗಿತ್ತು. ಚೇತನ್ ಮೈನಿಯವರು ಮುಂದೆ ನಿಂತು ರೂಪಿಸಿದ ರೇವಾ ಎಂಬ ವಿದ್ಯುತ್ ಕಾರು ಬೊಮ್ಮಸಂದ್ರದ ಕಾರ್ಖಾನೆಯಿಂದ 2001ರಲ್ಲಿ ಮಾರುಕಟ್ಟೆಗೆ ಬಂದಿತು. ಉದ್ದ 2.6 ಮೀಟರಿನ ಆಸುಪಾಸು; ಎರಡು ಬಾಗಿಲು; ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಗೇರು ಬದಲಿಸುವ ತಾಪತ್ರಯವಿಲ್ಲ, ಕ್ಲಚ್ಚಿಲ್ಲ. ಮಂಡಿ ನೋಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ಹಳೆಯ ಮನೆಗಳ ಕಿರುಗೇಟಿನೊಳಗೆ, ತುಳಸೀಕಟ್ಟೆಗೆ ತಗಲದಂತೆ, ಅದು ನುಸುಳಿಬಿಡುತ್ತಿತ್ತು. ನಮ್ಮವರು ಇದನ್ನು ಆಟದ ಸಾಮಾನೆಂದು ನಕ್ಕರು. 2004ರಿಂದ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಅದೇ ಬಂಡಿ ಓಡಾಡಿತು. ನಗರದ ನಡುಭಾಗವನ್ನು ಪ್ರವೇಶಿಸಲು ಇತರ ಕಾರುಗಳು ಕೊಡಬೇಕಾಗಿದ್ದ ಸುಂಕ ಅದಕ್ಕಿರಲಿಲ್ಲ. ಯೂರೋಪಿನವರು ಅದನ್ನು ಪೂರ್ಣ ಕಾರೆಂದು ಎಣಿಸದೆ ಕ್ವಾಡ್ರಿಸೈಕಲ್ ಎಂಬ ಹಗುರ ವರ್ಗದಲ್ಲಿ ಸೇರಿಸಿದರೆಂಬುದನ್ನೂ ನೆನಪಿಡಬೇಕು. ವೇಗದ ಹೆದ್ದಾರಿಗೆ ಒಯ್ಯತಕ್ಕ ಬಂಡಿ ಅದಲ್ಲ. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಈ2ಓ ಬಂದಿತು. ಎರಡರ ತಯಾರಿಕೆಯೂ ಈಗ ನಿಂತಿದೆ. ಹಳೆಯವು ಮಾತ್ರ ಅಲ್ಲೊಂದು ಇಲ್ಲೊಂದು ಪೋರ್ಟಿಕೋದಲ್ಲಿ ಬಟ್ಟೆ ಹೊದ್ದು ಮಲಗಿವೆ.

ಹೀಗೆ ಮಲಗಿರುವುದೇ ಅವುಗಳ ರೋಗ. ಕುದುರೆ ಕೊಳ್ಳುವವನು ಮೈಬಣ್ಣವನ್ನು ನೋಡದೆ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ವಿದ್ಯುತ್ ಬಂಡಿಗೆ ಹಲ್ಲೆಂದರೆ ಬ್ಯಾಟರಿ. ರೇವಾದ ಮುಂದಿನ ಸೀಟುಗಳ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಸಾಲಾಗಿ ಕುಳಿತಿವೆ; ಒಟ್ಟು 48 ವೋಲ್ಟು. ಇವು ಎಂಟು ಜನ ಹಗ್ಗ ಎಳೆದಂತೆ ಒಟ್ಟಾಗಿ ಕೆಲಸ ಮಾಡುವಂಥವು. ಒಬ್ಬ ಕೈಬಿಟ್ಟರೆ ಉಳಿದ ಏಳು ಜನರ ಬಲವೂ ವ್ಯರ್ಥ. ಚಾರ್ಜು ಮಾಡದೆ ತಿಂಗಳುಗಟ್ಟಲೆ ಬಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಅನಂತರ ಎಷ್ಟು ವಿದ್ಯುತ್ತು ಕೊಟ್ಟರೂ ಅದು ಒಳಗೆ ಇಳಿಯದು. "ತಾತನವರ ಕಾರು, ಎರಡು ವರ್ಷದಿಂದ ಹೊರಗೆ ತೆಗೆದೇ ಇಲ್ಲ, ಹೊಸದಿದ್ದಂತಿದೆ" ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ಬ್ಯಾಟರಿ ಸತ್ತಿದೆಯೆಂದು ತಿಳಿದೇ ಬೆಲೆ ಕಟ್ಟಬೇಕು. ಪೆಟ್ರೋಲು ಕಾರಿನಲ್ಲಿ ಕಡಿಮೆ ಓಡಿದ್ದು ಗುಣವಾದರೆ ಇಲ್ಲಿ ಅದು ಅನುಮಾನಕ್ಕೆ ಕಾರಣ.

ಪರೀಕ್ಷೆಯ ಕ್ರಮ ಕಷ್ಟವಲ್ಲ. ಹಿಂದಿನ ರಾತ್ರಿ ಪೂರ್ಣ ಚಾರ್ಜು ಮಾಡಿಸಿ, ಪ್ಲಗ್ಗು ತೆಗೆಸಿ, ಕೆಲವು ಗಂಟೆ ಸುಮ್ಮನೆ ಬಿಡಿಸಿ. ಬೆಳಿಗ್ಗೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬನನ್ನು ಮೀಟರಿನೊಡನೆ ಕರೆದುಕೊಂಡು ಹೋಗಿ, ಸೀಟು ಎತ್ತಿಸಿ, ಎಂಟನ್ನೂ ಬಿಡಿಬಿಡಿಯಾಗಿ ಅಳೆಯಿಸಿ. ಆರೋಗ್ಯವಾಗಿರುವುದು 6.3 ವೋಲ್ಟಿನ ಮೇಲೆ ನಿಲ್ಲುತ್ತದೆ. ಒಂದು ಮಾತ್ರ 6ರ ಕೆಳಗಿದ್ದರೆ ರೋಗಿ ಸಿಕ್ಕಿದನೆಂದು ಅರ್ಥ. ಆಮೇಲೆ ಇಬ್ಬರೂ ಕುಳಿತು ಬುಲ್ ಟೆಂಪಲ್ ರಸ್ತೆಯ ಏರನ್ನು ಹತ್ತಿಸಿ ನೋಡಿ. ಸಮತಟ್ಟಿನಲ್ಲಿ ಎಲ್ಲ ಬಂಡಿಯೂ ಓಡುತ್ತದೆ. ಏರಿನಲ್ಲಿ ಉಸಿರು ಬಿಡುವುದೇ ನಿಜವಾದ ವಯಸ್ಸನ್ನು ಹೇಳುವುದು. ಹಿಂದಿರುಗಿ ಮತ್ತೊಮ್ಮೆ ಅಳೆಯಿಸಿ. ಹೊಸದರಲ್ಲಿ ಒಂದು ಚಾರ್ಜಿಗೆ 80 ಕಿಲೋಮೀಟರು ಎಂದು ಹೇಳುತ್ತಿದ್ದರು. ಹಳೆಯದು 25 ಓಡಿದರೂ ಬಜಾರಿಗೆ ಹೋಗಿಬರುವವರಿಗೆ ಧಾರಾಳ. ಇಡೀ ಎಂಟರ ಗುಂಪನ್ನು ಒಟ್ಟಿಗೆ ಬದಲಿಸಲು ಏನು ಖರ್ಚೆಂದು ಮೊದಲೇ ವಿಚಾರಿಸಿ, ಆ ಮೊತ್ತವನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಒಂದನ್ನೇ ಬದಲಿಸುವ ಜಿಪುಣತನ ಫಲಿಸುವುದಿಲ್ಲ. ಹಳೆಯ ಏಳು ಸೇರಿ ಹೊಸದನ್ನೂ ತಮ್ಮ ದಾರಿಗೆ ಎಳೆದುಕೊಳ್ಳುತ್ತವೆ.

ಮನೆಗೆ ತಂದ ಮೇಲೆ ಈ ಸೀಸದ ಬ್ಯಾಟರಿಗಳಿಗೆ ಹಸುಗೂಸಿನ ಆರೈಕೆ ಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ನಲ್ಲಿಯ ಕಾವೇರಿ ನೀರು ಎಷ್ಟೇ ಸಿಹಿಯಾಗಿದ್ದರೂ ಕೂಡದು. ಚಾರ್ಜು ಮುಗಿದ ಮೇಲೆ ಹಾಕಬೇಕು. ಚಾರ್ಜಾಗುವಾಗ ಹೊತ್ತಿಕೊಳ್ಳುವ ಅನಿಲ ಹೊರಡುವುದರಿಂದ ಪೋರ್ಟಿಕೋದಲ್ಲಿ ಗಾಳಿಯಾಡಬೇಕು. ಕಾರ್ತಿಕದ ದೀಪಗಳನ್ನು ಆ ಹೊತ್ತು ಬೇರೆ ಕಡೆ ಸಾಲಿಡಬೇಕು. 1905ರಲ್ಲಿಯೇ ಬೀದಿಗೆ ವಿದ್ಯುದ್ದೀಪ ಕಂಡ ಊರು ನಮ್ಮದು. ಕೆಲವು ಮನೆಗಳ ತಂತಿಗಳನ್ನು ನೋಡಿದರೆ ಅವೂ ಆ ಕಾಲದವೇ ಎನ್ನಿಸುತ್ತದೆ. ಪೂರ್ಣ ಚಾರ್ಜಿಗೆ ಹತ್ತು ಯೂನಿಟ್ಟಿನ ಆಸುಪಾಸು ಖರ್ಚಾಗುತ್ತದೆ. ಅದು ಹಣದ ಮಟ್ಟಿಗೆ ಹೊರೆಯಲ್ಲವಾದರೂ ಗಂಟೆಗಟ್ಟಲೆ ಹರಿಯುವ ವಿದ್ಯುತ್ತಿಗೆ ದಪ್ಪ ತಂತಿ, 15 ಆಂಪಿಯರಿನ ಪ್ರತ್ಯೇಕ ಸಾಕೆಟ್ಟು, ಸರಿಯಾದ ಅರ್ಥಿಂಗ್ ಇರಲೇಬೇಕು. ಪೂಜಾಮನೆಯ ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ಎಳೆದು ಕಿಟಕಿಯಿಂದ ಇಳಿಬಿಡುವ ಸಾಹಸ ಬೇಡ.

ಇಷ್ಟೆಲ್ಲ ಪರಿಶ್ರಮ ಬೇಡವೆನ್ನುವವರಿಗೆ 2023ರಲ್ಲಿ ಬಂದ ಎಂಜಿ ಕಾಮೆಟ್‌ನಂಥ, 3 ಮೀಟರು ಉದ್ದದ, ಲಿಥಿಯಂ ಬ್ಯಾಟರಿಯ ಪುಟ್ಟ ಕಾರುಗಳಿವೆ. ಒಬ್ಬರ ಕೈ ದಾಟಿದವು ಸಿಕ್ಕರೆ, ಹಣವಿದ್ದರೆ, ನಮ್ಮ ಮತ ಅವಕ್ಕೇ. ಆದರೆ ಇಲ್ಲೊಂದು ಹೊಸ ಬಲೆಯಿದೆ. ಕಾರಿನ ಬೆಲೆ ಕಡಿಮೆ, ಬ್ಯಾಟರಿಗೆ ಮಾತ್ರ ಓಡಿದ ಕಿಲೋಮೀಟರಿಗೆ ಇಷ್ಟೆಂದು ಬಾಡಿಗೆ ಎಂಬ ಪದ್ಧತಿ 2024ರಲ್ಲಿ ಬಂದಿತು. ಮಾರುವವರು ಕಾರಿಗೆ ಒಡೆಯರು ನಿಜ, ಬ್ಯಾಟರಿಗೂ ಒಡೆಯರೆ? ಆ ಬಾಡಿಗೆ ಕರಾರನ್ನು ಕಣ್ಣಿನಿಂದ ನೋಡದೆ, ಬಾಕಿ ಯಾರ ತಲೆಗೆಂದು ಬರವಣಿಗೆಯಲ್ಲಿ ಪಡೆಯದೆ, ಮುಂಗಡ ಕೊಡಬೇಡಿ.

ಇನ್ನು ಕಾಗದಪತ್ರ. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಸ್ಸು. ಅನಂತರ ಆರ್‌ಟಿಓದಲ್ಲಿ ಬಂಡಿಯನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. 2010ರವರೆಗಿನ ರೇವಾಗಳೆಲ್ಲ ಈ ಗಡಿಗೆ ಬಂದಿವೆ. ಆದ್ದರಿಂದ ನವೀಕರಣ ಮಾರುವವರ ಹೆಸರಿನಲ್ಲಿಯೇ ಆಗಲಿ, ಆಮೇಲೆ ಹಣ. ಬ್ಯಾಟರಿಯ ವಾಹನಗಳಿಗೆ ಈ ನವೀಕರಣದ ಶುಲ್ಕವನ್ನು ಕೇಂದ್ರ ಸರ್ಕಾರ 2021ರಲ್ಲಿ ತೆಗೆದುಹಾಕಿತು. "ಫೀಸು ಬಹಳವಾಗುತ್ತದೆ" ಎನ್ನುವ ಮಧ್ಯವರ್ತಿಗೆ ಇದನ್ನು ಮೃದುವಾಗಿ ನೆನಪಿಸಬಹುದು. ನಮೂನೆ 29, 30ಕ್ಕೆ ಇಬ್ಬರ ಸಹಿಯೂ ಬೀಳಬೇಕು. ಕೊಂಡವರು 30 ದಿನದೊಳಗೆ ಕಚೇರಿಗೆ ತಿಳಿಸಬೇಕು, ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಬದಲಿಸಿಕೊಳ್ಳಲು ಬರೆದುಕೊಳ್ಳಬೇಕು.

ಕಡೆಯದಾಗಿ ಯಜಮಾನರ ಲೈಸೆನ್ಸು. ಸ್ಕೂಟರು ಬಿಟ್ಟು ಎರಡು ವರ್ಷವಾಯಿತೆಂದಿದ್ದೀರಿ. ಅದರ ಅವಧಿ ಮುಗಿದಿರಬಹುದು, ಅದರಲ್ಲಿ ಕಾರಿನ ಅನುಮತಿ ಇಲ್ಲದೆಯೂ ಇರಬಹುದು. ಈ ವಯಸ್ಸಿನಲ್ಲಿ ಐದು ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರದೊಡನೆ ನವೀಕರಣವಾಗುತ್ತದೆ. ಪತ್ರದಲ್ಲಿ ನಿಮ್ಮ ವಯಸ್ಸನ್ನು ನೀವು ಬರೆದಿಲ್ಲ, ನಾವೂ ಕೇಳುವುದಿಲ್ಲ. ಆದರೆ ಕ್ಲಚ್ಚು ಗೇರುಗಳಿಲ್ಲದ ಬಂಡಿಯನ್ನು ಕಲಿಯುವುದು ಹೊಲಿಗೆಯ ಯಂತ್ರವನ್ನು ಕಲಿತಷ್ಟು ಕಷ್ಟವಲ್ಲ, ತಾಯಿ. ಎಲ್‌.ಎಲ್‌. ಅರ್ಜಿಯನ್ನು ಎರಡು ತರಿಸಿ.